ಹುಲ್ಲಿನ ಬುಡಗಳ ನಡುವೆ ನೆಲ ಬರಿದಾಗಿರುವುದೇಕೆ? (ಇಡಾಹೊ ಫೆಸ್ಕ್ಯೂ ಕುರಿತು)

ಪ್ರಶ್ನೆ

ಉತ್ತರ ಅಮೆರಿಕದ ರಾಕಿ ಪರ್ವತಗಳ ಇಳಿಜಾರುಗಳಲ್ಲಿ ಬೆಳೆಯುವ ಇಡಾಹೊ ಫೆಸ್ಕ್ಯೂ ಎಂಬ ಹುಲ್ಲಿನ ಬಗ್ಗೆ ಓದುತ್ತಿದ್ದೇನೆ. ಚಿತ್ರಗಳಲ್ಲಿ ಅದು ಹಾಸಿನಂತೆ ಹಬ್ಬದೆ ಒಂದೊಂದು ಬುಡವೂ ಬಿಡಿಬಿಡಿಯಾಗಿ ನಿಂತಿದೆ. ನಡುನಡುವೆ ನೆಲ ಬರಿದಾಗಿ ಕಾಣುತ್ತದೆ. ಇದು ಮಿತಿಮೀರಿ ಮೇಯಿಸಿ ಹಾಳಾದ ನೆಲದ ಲಕ್ಷಣವೇ, ಇಲ್ಲವೇ ಆ ಹುಲ್ಲಿನ ಸ್ವಭಾವವೇ ಹಾಗೆಯೇ? ಖಾಲಿ ಜಾಗದಲ್ಲಿ ಬೇರೇನಾದರೂ ಬಿತ್ತಿ ಮಣ್ಣನ್ನು ಮುಚ್ಚುವುದು ಒಳ್ಳೆಯದಲ್ಲವೇ?

ಮೊದಲ ಉತ್ತರ

ಅದರ ಸ್ವಭಾವವೇ ಹಾಗೆ. ಫೆಸ್ಟುಕಾ ಇಡಾಹೊಎನ್ಸಿಸ್ ಎಂಬ ಈ ಬಹುವಾರ್ಷಿಕ ಹುಲ್ಲು ಗರಿಕೆಯಂತೆ ನೆಲದ ಮೇಲೆ ಹರಿದು ಹಬ್ಬುವುದಿಲ್ಲ. ಇದ್ದಲ್ಲೇ ತೆಂಡೆಯೊಡೆದು ಬುಡ ದಪ್ಪವಾಗುತ್ತದೆ, ಹೊಸ ಗಿಡ ಬೀಜದಿಂದಲೇ ಬರಬೇಕು. ಎಸಳನ್ನು ಬೆರಳುಗಳ ನಡುವೆ ಹೊಸೆದರೆ ಅದು ಚಪ್ಪಟೆಯಾಗಿರದೆ, ಅಂಚುಗಳು ಒಳಕ್ಕೆ ಸುರುಳಿಗೊಂಡು ದಾರದಂತೆ ದುಂಡಗಿರುವುದು ತಿಳಿಯುತ್ತದೆ. ಹಿಮ ಕರಗಿದ ತೇವದಲ್ಲಿ ವಸಂತದಲ್ಲೇ ಬೆಳೆದು, ಒಣ ಬೇಸಿಗೆಯನ್ನು ಸುಪ್ತವಾಗಿ ಕಳೆಯುವ ಗಿಡಕ್ಕೆ ನೀರನ್ನು ಉಳಿಸಿಕೊಳ್ಳಲು ಇಂತಹ ಎಲೆ ಬೇಕು.

ಬರಿದೆಂದು ತೋರುವ ನೆಲವೂ ಬರಿದಲ್ಲ. ಒಳಗೆ ಅಕ್ಕಪಕ್ಕದ ಬುಡಗಳ ನಾರುಬೇರುಗಳು ಹರಡಿರುತ್ತವೆ. ಮೇಲೆ ಹಾವಸೆ, ಕಲ್ಲುಹೂವು ಮತ್ತು ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು ಸೇರಿದ ತೆಳುವಾದ ಜೀವಂತ ಹೊದಿಕೆಯೊಂದು ಅನೇಕ ಕಡೆ ಇದ್ದು, ಮಣ್ಣಿನ ಕಣಗಳನ್ನು ಹಿಡಿದಿಟ್ಟು ಸ್ವಲ್ಪಮಟ್ಟಿಗೆ ಸಾರಜನಕವನ್ನೂ ಒದಗಿಸುತ್ತದೆ. ಬಿತ್ತಲೆಂದು ಅದನ್ನು ಕೆದಕಿದರೆ ಆ ಹೊದಿಕೆ ಮರಳಿ ಕೂಡಿಕೊಳ್ಳಲು ದಶಕಗಳೇ ಹಿಡಿಯಬಹುದು.

ಎರಡನೆಯ ಉತ್ತರ

ಮೇಲಿನ ಉತ್ತರ ಸರಿ, ಆದರೆ ಅಂತರ ಎಷ್ಟಿದೆ ಎಂಬುದನ್ನೂ ನೋಡಬೇಕು. ಬುಡಗಳು ಸತ್ತು ಅಂತರ ಹಿಗ್ಗಿದ ಜಾಗಕ್ಕೆ ಯುರೇಷ್ಯಾದಿಂದ ಬಂದ ಚೀಟ್‌ಗ್ರಾಸ್ ನುಗ್ಗುತ್ತದೆ. ಈ ಏಕವಾರ್ಷಿಕ ಕಳೆ ಶರತ್ಕಾಲದಲ್ಲೇ ಮೊಳೆತು, ಸ್ಥಳೀಯ ಹುಲ್ಲು ಇನ್ನೂ ಹಸಿರಾಗಿರುವಾಗಲೇ ಬೀಜ ಉದುರಿಸಿ ಒಣಗಿಬಿಡುತ್ತದೆ. ಬಿಡಿಬಿಡಿ ಬುಡಗಳಿರುವಲ್ಲಿ ಬೆಂಕಿ ಸುಲಭವಾಗಿ ಮುಂದೆ ಸಾಗದು. ನಡುವೆ ಒಣಹುಲ್ಲು ತುಂಬಿಕೊಂಡರೆ ಅದಕ್ಕೆ ತಡೆಯೇ ಇಲ್ಲ. ಪ್ರತಿ ಬೆಂಕಿಯ ನಂತರವೂ ಮೊದಲು ಚಿಗುರುವುದು ಚೀಟ್‌ಗ್ರಾಸ್ ಆದ್ದರಿಂದ ಮುಂದಿನ ಬೆಂಕಿ ಇನ್ನೂ ಬೇಗ ಬರುತ್ತದೆ. ನನ್ನ ದೃಷ್ಟಿಯಲ್ಲಿ ಆರೋಗ್ಯವಂತ ಬುಡಗಳು ಮಾಡುವ ಅತಿ ದೊಡ್ಡ ಕೆಲಸವೆಂದರೆ ಮಣ್ಣಿನ ತೇವವನ್ನು ತಾವೇ ಹೀರಿ ಈ ಕಳೆಯನ್ನು ದೂರವಿಡುವುದು. ಎಲ್ಕ್ ಎಂಬ ದೊಡ್ಡ ಜಿಂಕೆ, ಮ್ಯೂಲ್ ಜಿಂಕೆ, ಬಿಗ್‌ಹಾರ್ನ್ ಕುರಿಗಳಿಗೆ ಮೇವಾಗುವುದು ಆಮೇಲಿನ ಮಾತು.

ಮೂರನೆಯ ಉತ್ತರ

ಬೆಂಕಿಯ ವಿಷಯದಲ್ಲಿ ಇಡಾಹೊ ಫೆಸ್ಕ್ಯೂ ತಾನೇ ದುರ್ಬಲ ಎಂಬುದನ್ನೂ ಸೇರಿಸಬೇಕು. ಅದರೊಡನೆ ಬೆಳೆಯುವ ಬ್ಲೂಬಂಚ್ ವೀಟ್‌ಗ್ರಾಸ್ ಎಂಬ ಹುಲ್ಲಿನ ಒರಟು ಕಡ್ಡಿಗಳು ಬೇಗನೆ ಉರಿದು ಆರುವುದರಿಂದ ಬುಡದಲ್ಲಿನ ಚಿಗುರುಮೊಗ್ಗುಗಳು ಹೆಚ್ಚಾಗಿ ಉಳಿಯುತ್ತವೆ. ಫೆಸ್ಕ್ಯೂ ಬುಡದಲ್ಲಾದರೋ ನವಿರಾದ ಎಸಳುಗಳು ಒತ್ತೊತ್ತಾಗಿ ತುಂಬಿದ್ದು, ಜ್ವಾಲೆ ದಾಟಿಹೋದ ಮೇಲೂ ಒಳಗೆ ಕೆಂಡ ಬಹಳ ಹೊತ್ತು ಇದ್ದು ಮೊಗ್ಗುಗಳನ್ನು ಸುಡುತ್ತದೆ. ಸುಟ್ಟ ಬುಡ ಹೊರಗೆ ಬೂದಿಯಾದಂತೆ ಕಂಡರೂ ಒಂದು ಅಂಚಿನಲ್ಲಿ ನಾಲ್ಕು ಹಸಿರು ಎಸಳು ಮೂಡುವುದುಂಟು, ಆದ್ದರಿಂದ ಮುಂದಿನ ವಸಂತದವರೆಗೆ ಕಾದು ನೋಡದೆ ಅದು ಸತ್ತಿತೆಂದು ತೀರ್ಮಾನಿಸಬಾರದು.

ಪ್ರಶ್ನೆ ಕೇಳಿದವರ ಮರುಮಾತು

ಧನ್ಯವಾದಗಳು. ಹಾಗಾದರೆ ಚಿತ್ರಗಳನ್ನು ಮತ್ತೆ ತೆರೆದು, ನಡುವಿನ ನೆಲ ಆ ಜೀವಂತ ಹೊದಿಕೆಯಿಂದ ಕಪ್ಪಗೆ ಉಬ್ಬುತಗ್ಗಾಗಿದೆಯೇ ಅಥವಾ ಚೀಟ್‌ಗ್ರಾಸ್‌ನ ಒಣ ಹೊಂಬಣ್ಣದ ಕಡ್ಡಿಗಳಿಂದ ತುಂಬಿದೆಯೇ ಎಂದು ನೋಡುತ್ತೇನೆ.