ದೋಸೆಗೆ ಟೋಕನ್, ಟೋಕನ್‌ಗೆ ಮುದ್ರೆ

ಶನಿವಾರ ಬೆಳಿಗ್ಗೆ, ಗಾಂಧಿ ಬಜಾರಿನ ಹತ್ತಿರ ಒಂದು ದರ್ಶಿನಿ. ಕ್ಯೂನಲ್ಲಿ ನಿಂತಿದ್ದಾಗಲೇ ಮಂಜ ಶುರು ಮಾಡಿದ.

"ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಕಟ್ಟಿದ ನಮ್ಮ ಆ್ಯಪ್‌ಗೆ ಆಥರೈಸೇಶನ್ ಸರ್ವರ್ ಸೇರಿಸಿಬಿಟ್ಟೆ ಕಣ್ರೋ. ಒಂದೇ ಡಿಪೆಂಡೆನ್ಸಿ, ಅಂದ್ರೆ ಹೊರಗಿನ ರೆಡಿ ಕೋಡ್ ಒಂದನ್ನ ಸೇರಿಸಿದ್ರಾಯ್ತು. ಅರ್ಧ ದಿನದ ಕೆಲಸ!"

ಗೀತಕ್ಕ ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಾ ತಲೆ ಎತ್ತದೆ ಕೇಳಿದರು, "ಹಾಗಾದ್ರೆ ಮೊನ್ನೆ ರಾತ್ರಿ ಹನ್ನೊಂದಕ್ಕೆ ನಂಗೆ ಫೋನ್ ಮಾಡಿದ್ದು ಯಾಕಪ್ಪಾ?"

ಮಂಜ ಬೇರೆ ಕಡೆ ನೋಡಿದ. ಶೀನ ಇನ್ನೂ ಹೊಸಬ. "ಅಂದ್ರೆ ಲಾಗಿನ್ ಪೇಜ್ ತಾನೇ ಅಕ್ಕಾ?" ಅಂದ.

ಗೀತಕ್ಕ ಕ್ಯಾಷ್ ಕೌಂಟರ್ ಕಡೆ ಕೈ ತೋರಿಸಿದರು. "ಅಲ್ಲಿ ಕೂತಿರೋರು ದುಡ್ಡು ತಗೊಂಡು ಟೋಕನ್ ಕೊಡ್ತಾರೆ. ದೋಸೆ ಹಾಕೋ ಭಟ್ಟರು ನಿನ್ನ ಹೆಸರು, ಊರು ಕೇಳ್ತಾರಾ? ಟೋಕನ್ ನೋಡ್ತಾರೆ, ಮುದ್ರೆ ನೋಡ್ತಾರೆ, ಕೊಡ್ತಾರೆ. ಆ ಕ್ಯಾಷಿಯರೇ ಆಥರೈಸೇಶನ್ ಸರ್ವರ್. ಟೋಕನ್ ಮೇಲೆ ಖಾಲಿ ದೋಸೆ ಅಂತಿದ್ರೆ ಮಸಾಲೆ ಕೇಳೋ ಹಾಗಿಲ್ಲ. ಅದು ಸ್ಕೋಪ್."

"ಮುದ್ರೆ ಸರಿಯಾಗಿದೆಯಾ ಅಂತ ಭಟ್ಟರು ಪ್ರತಿ ಸಲ ಕ್ಯಾಷಿಯರ್‌ನ ಕೂಗಿ ಕೇಳಬೇಕಾ?"

"ಹಾಗೆ ಕೇಳೋ ಪದ್ಧತಿನೂ ಇದೆ, ಇಂಟ್ರೊಸ್ಪೆಕ್ಷನ್ ಅಂತ. ಜೆಡಬ್ಲ್ಯೂಟಿ, ಅಂದ್ರೆ ವಿವರ, ಮುದ್ರೆ ಎರಡೂ ತನ್ನಲ್ಲೇ ಇರೋ ಟೋಕನ್ ಆದ್ರೆ ಬೇಕಾಗಲ್ಲ. ಮುದ್ರೆಯ ನಮೂನೆ ಎಲ್ಲರಿಗೂ ಕಾಣೋ ಹಾಗೆ ಗೋಡೆಗೆ ಅಂಟಿಸಿರುತ್ತೆ. ಅದೇ ಪಬ್ಲಿಕ್ ಕೀ. ಹೋಲಿಸಿ ನೋಡಿಕೊಂಡರಾಯ್ತು."

"ಆ ನಮೂನೆ ನೋಡಿ ಯಾರಾದ್ರೂ ಕಳ್ಳ ಮುದ್ರೆ ಕೆತ್ತಿಸಿದ್ರೆ?"

"ಹೋಟೆಲ್ ಮುದ್ರೆ ಕೆತ್ತಿಸಬಹುದು, ಜೆಡಬ್ಲ್ಯೂಟಿ ಮುದ್ರೆನ ಆಗಲ್ಲ. ನನ್ನ ಹೋಲಿಕೆ ಅಷ್ಟು ದೂರ ಬರಲ್ಲ, ಬಿಡು."

ನಾನು ಸುಮ್ನೆ ಇರಬಾರದೇ? ಬಾಯಿ ಹಾಕಿದೆ. ಈ ಕ್ಯಾಷಿಯರ್ ಕೆಲಸ ನಮಗೆ ಬೇಡ ಅಂತ ಸ್ಪ್ರಿಂಗ್‌ನವರೇ 2019ರ ನವೆಂಬರ್‌ನಲ್ಲಿ ಹೇಳಿದ್ದರು. ನಾವು ಫ್ರೇಮ್‌ವರ್ಕ್ ಮಾಡುವವರು, ಆಥರೈಸೇಶನ್ ಸರ್ವರ್ ಅನ್ನೋದು ಒಂದು ಪ್ರಾಡಕ್ಟು, ಕೀಕ್ಲೋಕ್ ಥರದ್ದು ರೆಡಿ ಇದೆಯಲ್ಲ ಅನ್ನೋದು ಅವರ ವಾದ. ಬಳಸುವವರು ಬಿಡಲಿಲ್ಲ, ಗಲಾಟೆ ಎಬ್ಬಿಸಿದರು. 2020ರ ಏಪ್ರಿಲ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರುವಾಯಿತು. 1.0 ಬಂದದ್ದು 2022ರ ನವೆಂಬರ್‌ನಲ್ಲಿ. ಮಂಜ ಕೊಚ್ಚಿಕೊಳ್ಳುತ್ತಿರುವ ಆ 'ಒಂದೇ ಡಿಪೆಂಡೆನ್ಸಿ' 2023ರಲ್ಲಿ ಬೂಟ್ 3.1ರ ಜೊತೆ ಬಂತು. ನನ್ನ ಕೇಳಿದರೆ ಮೊದಲು ಬೇಡ ಅಂದದ್ದರಲ್ಲೂ ನ್ಯಾಯ ಇತ್ತು. ಮಂಜನಂಥವರನ್ನು ನೋಡಿಯೇ ಅಂದಿರಬೇಕು.

"ನಾನೇನು ಮಾಡಿದೆ?" ಮಂಜನಿಗೆ ಸಿಟ್ಟು ಬಂತು.

"ಹೇಳು, ಹೇಳು" ಅಂದರು ಗೀತಕ್ಕ.

ಕೊನೆಗೆ ಹೇಳಿದ. ಎರಡೂ ಅವನ ಕಂಪ್ಯೂಟರಿನಲ್ಲೇ, ಅಂದರೆ ಲೋಕಲ್‌ಹೋಸ್ಟ್‌ನಲ್ಲೇ, ಪೋರ್ಟ್ ನಂಬರ್ ಮಾತ್ರ ಬೇರೆ. ಆ್ಯಪ್ ಲೋಕಲ್‌ಹೋಸ್ಟ್ 8080ರಲ್ಲಿ, ಆಥರೈಸೇಶನ್ ಸರ್ವರ್ ಲೋಕಲ್‌ಹೋಸ್ಟ್ 9000ದಲ್ಲಿ. ಲಾಗಿನ್ ಆಗುತ್ತೆ, ವಾಪಸ್ ಬರುತ್ತೆ, ಮತ್ತೆ ಲಾಗಿನ್ ಕೇಳುತ್ತೆ. ಮೂರು ಗಂಟೆ ಹೀಗೇ ಪ್ರದಕ್ಷಿಣೆ. ಆಮೇಲೆ ಹೊಳೆಯಿತು, ಬ್ರೌಸರ್ ಇಟ್ಟುಕೊಳ್ಳೋ ಗುರುತಿನ ಚೀಟಿಗೆ, ಅಂದರೆ ಕುಕಿಗೆ, ಪೋರ್ಟ್ ಲೆಕ್ಕಕ್ಕಿಲ್ಲ! ಇಬ್ಬರದೂ ಜೆಸೆಷನ್‌ಐಡಿ ಅನ್ನೋ ಒಂದೇ ಹೆಸರಿನ ಕುಕಿ. ಒಂದೇ ವಠಾರ, ಬಾಗಿಲ ಮುಂದೆ ಒಂದೇ ಥರದ ಚಪ್ಪಲಿ. ಇವನದನ್ನು ಅವನು ಮೆಟ್ಟಿಕೊಂಡು ಹೋಗುತ್ತಿದ್ದ. ಒಂದರ ವಿಳಾಸವನ್ನು ಅದೇ ಕಂಪ್ಯೂಟರಿನ ಇನ್ನೊಂದು ಹೆಸರಾದ 127.0.0.1 ಅಂತ ಬದಲಾಯಿಸಿದ ಮೇಲೆ ಪ್ರದಕ್ಷಿಣೆ ನಿಂತಿತು.

"ಇದು ಸಣ್ಣದು. ಹನ್ನೊಂದು ಗಂಟೆದು ಹೇಳು."

"ಎರಡು ಆಥರೈಸೇಶನ್ ಸರ್ವರ್ ಏರಿಸಿದ್ದೆ ಅಕ್ಕಾ, ಬಂದೋರನ್ನ ಎರಡಕ್ಕೂ ಹಂಚೋಕೆ ಮುಂದೆ ಲೋಡ್ ಬ್ಯಾಲೆನ್ಸರ್ ಇಟ್ಟು. ಒಂದು ಸಲ ಒಳಗೆ ಬಿಡುತ್ತೆ, ಇನ್ನೊಂದು ಸಲ 401, ಅಂದ್ರೆ ನಿನ್ನ ಟೋಕನ್ ಒಪ್ಪಲ್ಲ, ಅನ್ನುತ್ತೆ. ರೀಸ್ಟಾರ್ಟ್ ಮಾಡಿದ್ರೆ ಇದ್ದ ಟೋಕನ್ ಎಲ್ಲಾ ಢಮಾರ್."

"ಮುದ್ರೆ ಒತ್ತೋ ಗುಟ್ಟಿನ ಕೀ ಎಲ್ಲಿಟ್ಟಿದ್ದೆ?"

"ಮಾದರಿ ಕೋಡ್‌ನಲ್ಲಿ ಹೇಗಿತ್ತೋ ಹಾಗೇ. ಸರ್ವರ್ ಶುರುವಾದಾಗ ಆರ್‌ಎಸ್‌ಎ ಕೀ ತಾನೇ ಹುಟ್ಟುತ್ತೆ."

ಶೀನ ಕಣ್ಣರಳಿಸಿದ. "ಅಂದ್ರೆ ಎರಡು ಕ್ಯಾಷ್ ಕೌಂಟರ್, ಎರಡು ಬೇರೆ ಮುದ್ರೆ! ಕ್ಯಾಷಿಯರ್ ಕಾಫಿ ಕುಡಿದು ಬಂದ್ರೆ ಮೂರನೇ ಮುದ್ರೆ!"

"ಹುಡುಗ ಹುಷಾರಿದ್ದಾನೆ" ಅಂದರು ಗೀತಕ್ಕ. "ಕೀನ ಒಂದು ಭದ್ರವಾದ ಜಾಗದಲ್ಲಿ ಇಟ್ಟು ಇಬ್ಬರಿಗೂ ಅದನ್ನೇ ಕೊಡಬೇಕು. ಬದಲಾಯಿಸಿದ್ರೂ ಹಳೇ ನಮೂನೆನ ಗೋಡೆಯಿಂದ ತಕ್ಷಣ ಕೀಳಬಾರದು. ಹಳೇ ಟೋಕನ್ ಹಿಡ್ಕೊಂಡು ಕ್ಯೂನಲ್ಲಿ ನಿಂತಿರೋರು ಇರ್ತಾರೆ."

"ನಾವು ಬದಲಾಯಿಸದಿದ್ರೆ ಆ್ಯಕ್ಸೆಸ್ ಟೋಕನ್ ಆಯಸ್ಸು 5 ನಿಮಿಷ ಅಷ್ಟೇ ಅಲ್ವಾ ಅಕ್ಕಾ?" ಅಂದ ಮಂಜ.

"ಈ ಕ್ಯೂಗೆ ಸಾಲದು" ಅಂದೆ ನಾನು.

ಅಷ್ಟರಲ್ಲಿ ನಮ್ಮ ಸರದಿ ಬಂತು. ಮಂಜ ಎಲ್ಲರಿಗಿಂತ ಮುಂದೆ ನುಗ್ಗಿ ಟೋಕನ್ ಚಾಚಿದ. "ಒಂದು ಮಸಾಲೆ, ಗರಿಯಾಗಿ."

ಭಟ್ಟರು ಟೋಕನ್ ತಿರುಗಿಸಿ ನೋಡಿದರು. "ಸಾರ್, ಇದು ಕಾಫಿ ಟೋಕನ್ನು."

"ಅಕ್ಕಾ, ಇದು 401ಆ?" ಶೀನ ಪಿಸುಗುಟ್ಟಿದ.

"ಅಲ್ಲ, 403. ಟೋಕನ್ ಅಸಲಿನೇ, ದೋಸೆ ಮಾತ್ರ ಇಲ್ಲ."

ಮಂಜ ಮತ್ತೆ ಕ್ಯೂನ ಕೊನೆಗೆ ಹೋಗಿ ನಿಂತ. ಅವನ ಕಾಫಿ ನಾನು ಕುಡಿದೆ.