ಸ್ಪ್ರೇಯರ್ ಕೊಳ್ಳುವುದಕ್ಕೆ ನಾಲ್ಕು ತಲೆ, ಐದು ಅಭಿಪ್ರಾಯ

ರಾಯರು ಏನನ್ನೇ ಕೊಳ್ಳಲಿ, ಮೊದಲು ಅಳತೆ ಕೇಳುತ್ತಾರೆ. ಅದರಿಂದ ಏನು ಕೆಲಸ ಆಗಬೇಕು ಅನ್ನುವುದು ಆಮೇಲಿನ ಮಾತು. ಈ ಸಲ ಅವರ ಕಣ್ಣು ಬಿದ್ದಿದ್ದು ಸೆಲ್ಫ್ ಪ್ರೊಪೆಲ್ಡ್ ಸ್ಪ್ರೇಯರ್ ಮೇಲೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವಂಥದ್ದಲ್ಲ. ಅದರದ್ದೇ ಎಂಜಿನ್, ಅದರದ್ದೇ ಕ್ಯಾಬಿನ್, ಎತ್ತರದ ಕಾಲು, ಎರಡೂ ಪಕ್ಕಕ್ಕೆ ಚಾಚಿದ ಬೂಮ್, ಅಂದರೆ ಬೆಳೆಗೆ ಔಷಧಿ ಸಿಂಪಡಿಸುವ ಸಣ್ಣ ಮೂತಿಗಳನ್ನು (ನಾಜಲ್) ಸಾಲಾಗಿ ಜೋಡಿಸಿದ ಉದ್ದನೆಯ ತೋಳು.

"36 ಮೀಟರ್ ಬೂಮ್ ಇರುವುದನ್ನೇ ತಗೊಳ್ಳೋಣ ಅಂತಿದ್ದೇನೆ" ಅಂದರು.

"ನಿಮ್ಮ ಹೊಲದ ಗೇಟು ಎಷ್ಟು ಅಗಲ ಇದೆ?" ಅಂದ ಮೆಕ್ಯಾನಿಕ್.

"ಬೂಮ್ ಮಡಚುತ್ತದಯ್ಯಾ."

"ಗಾಡಿ ಮಡಚುವುದಿಲ್ಲವಲ್ಲ ಸ್ವಾಮಿ. ಮೂಗಿಗಿಂತ ಮೂಗುತಿ ಭಾರ ಆಗಬಾರದು."

ಅಲ್ಲಿಗೆ ಶುರುವಾಯಿತು. ರಾಯರು ದುಡ್ಡು ಕೊಡುವವರು. ಮೆಕ್ಯಾನಿಕ್ ಮುಂದೆ ಅದನ್ನು ಬಿಚ್ಚಿ ಕೂರಬೇಕಾದವನು, ಅದಕ್ಕೇ ಈಗಲೇ ಸಿಟ್ಟು. ಮೇಷ್ಟ್ರು ಗಣಿತ ಹೇಳಿ ನಿವೃತ್ತರಾದವರು, ಹಲಗೆ ಸಿಗದಿದ್ದರೆ ಬೆರಳಲ್ಲಿ ಗಾಳಿಯ ಮೇಲೇ ಬರೆಯುತ್ತಾರೆ. ನನ್ನ ಕೆಲಸ ಜಗಳ ಆರದಂತೆ ನೋಡಿಕೊಳ್ಳುವುದು.

"ಗಂಟೆಗೆ ಎಷ್ಟು ಹೆಕ್ಟೇರ್ ಅಂತ ತಿಳಿಯುವುದು ಸುಲಭ" ಅಂದರು ಮೇಷ್ಟ್ರು. "ವೇಗವನ್ನು ಬೂಮಿನ ಅಗಲದಿಂದ ಗುಣಿಸಿ, ಹತ್ತರಿಂದ ಭಾಗಿಸಿ. ಗಂಟೆಗೆ 12 ಕಿಲೋಮೀಟರ್ ವೇಗ, 24 ಮೀಟರ್ ಬೂಮ್. ಎಷ್ಟಾಯಿತು?"

ರಾಯರು ಮೆಕ್ಯಾನಿಕ್ ಮುಖ ನೋಡಿದರು. ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ.

"28.8" ಅಂದರು ಮೇಷ್ಟ್ರೇ, ಇಡೀ ವೃತ್ತಿಜೀವನದ ನಿರಾಸೆಯನ್ನು ಆ ದಶಾಂಶದ ಮೇಲೆ ಹಾಕಿ.

"ಹಾಗಾದರೆ 36ಕ್ಕೆ?"

"43.2."

"ಕೇಳಿದಿರಾ! ಒಂದೂವರೆ ಪಟ್ಟು!" ರಾಯರು ಆಗಲೇ ಗೆದ್ದವರ ಹಾಗೆ ಕಾಲು ಮೇಲೆ ಕಾಲು ಹಾಕಿದರು.

"ಟ್ಯಾಂಕ್ ಯಾವತ್ತೂ ಖಾಲಿ ಆಗುವುದಿಲ್ಲ ಅನ್ನುವುದಾದರೆ ಒಂದೂವರೆ ಪಟ್ಟು. ನಿಮ್ಮ ಟ್ಯಾಂಕ್ ಎಷ್ಟು?"

"4000 ಲೀಟರ್."

"ಹೆಕ್ಟೇರಿಗೆ 120 ಲೀಟರ್ ಹೊಡೆದರೆ 33 ಹೆಕ್ಟೇರಿಗೆ ಮುಗಿಯಿತು. 24 ಮೀಟರ್ ಬೂಮಲ್ಲಿ ಅಷ್ಟು ಹೊಡೆಯಲು 69 ನಿಮಿಷ. ಆಮೇಲೆ ಏನು ಮಾಡುತ್ತೀರಿ?"

"ತುಂಬಿಸುತ್ತೇನೆ."

"ಎಲ್ಲಿ?"

"ಮನೆ ಹತ್ತಿರ ಪಂಪ್ ಇದೆಯಲ್ಲ."

"ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ?"

ರಾಯರು 200 ಅಂದರು. ಮೆಕ್ಯಾನಿಕ್ ಕೆಮ್ಮಿದ. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಅಂತ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

"20 ನಿಮಿಷ ನೀರಿಗೆ" ಅಂತ ಮೇಷ್ಟ್ರು ಗಾಳಿಯಲ್ಲಿ ಬರೆದರು. "ಹೋಗಿ ಬರುವುದಕ್ಕೆ 10. ಔಷಧಿ ಅಳೆದು ಬೆರೆಸುವುದಕ್ಕೆ 10. ಒಟ್ಟು 40 ನಿಮಿಷ. ಅಂದರೆ 33 ಹೆಕ್ಟೇರಿಗೆ 109 ನಿಮಿಷ. ಗಂಟೆಗೆ 18 ಹೆಕ್ಟೇರ್. ಎಲ್ಲಿ ಹೋಯಿತು ನಿಮ್ಮ 28.8?"

"36 ಮೀಟರ್ ತಗೊಂಡರೆ?"

"ಹೊಡೆಯಲು 46 ನಿಮಿಷ, ತುಂಬಿಸಲು ಅದೇ 40. ಗಂಟೆಗೆ 23."

"ನೋಡಿ, ಆದರೂ ಜಾಸ್ತಿಯೇ ಅಲ್ವಾ!"

"ಈಗ ಇನ್ನೊಂದು ಲೆಕ್ಕ. 24 ಮೀಟರ್ ಬೂಮೇ ಇರಲಿ. ಒಂದು ನೀರಿನ ಟ್ಯಾಂಕರನ್ನು ಹೊಲದ ಅಂಚಿಗೇ ತಂದು ನಿಲ್ಲಿಸಿ. ನಿಮಿಷಕ್ಕೆ 600 ಲೀಟರ್ ಎತ್ತುವ ಪಂಪ್ ಹಾಕಿ. ನೀರಿಗೆ ಏಳು ನಿಮಿಷ. ಗಾಡಿ ಬರುವ ಹೊತ್ತಿಗೆ ಔಷಧಿ ಅಳೆದು ಇಟ್ಟಿರಿ. ಎಲ್ಲಾ ಸೇರಿ 12 ನಿಮಿಷ ಅನ್ನಿ. ಗಂಟೆಗೆ 24 ಹೆಕ್ಟೇರ್."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 12 ಮೀಟರ್ ಕಬ್ಬಿಣಕ್ಕಿಂತ ಒಂದು ಪಂಪ್ ಮುಂದೆ ಹೋಗಿತ್ತು. ರಾಯರ ಕಾಲು ತಾನಾಗಿ ಕೆಳಗಿಳಿಯಿತು. ಈ ಲೆಕ್ಕವನ್ನು ಕ್ಯಾಟಲಾಗಿನ ಮೊದಲ ಪುಟದಲ್ಲಿ ಯಾಕೆ ಹಾಕುವುದಿಲ್ಲ ಅಂತ ನನಗೆ ಸೋಜಿಗ. ಪಂಪ್ ಮಾರುವವರು ಬೇರೆ, ಅದಕ್ಕಿರಬಹುದು.

ಆದರೆ ರಾಯರು ಸುಮ್ನೆ ಸೋಲುವ ಜಾತಿಯಲ್ಲ. "ಹಾಗಾದರೆ ವೇಗ ಹೆಚ್ಚಿಸೋಣ. 12ರ ಬದಲು 24ರಲ್ಲಿ ಓಡಿಸಿದರೆ ಆಯಿತು."

"ವೇಗ ಎರಡು ಪಟ್ಟಾದರೆ ನಾಜಲ್‌ನಿಂದ ನೀರೂ ಎರಡು ಪಟ್ಟು ಬರಬೇಕು" ಅಂದರು ಮೇಷ್ಟ್ರು. "ನೀರು ಎರಡು ಪಟ್ಟಾಗಲು ಒತ್ತಡ ನಾಲ್ಕು ಪಟ್ಟಾಗಬೇಕು. 3 ಬಾರ್ ಇದ್ದದ್ದು 12 ಬಾರ್. ಆಗ ಬರುವುದು ಹನಿಯಲ್ಲ, ಮಂಜು. 150 ಮೈಕ್ರಾನಿಗಿಂತ ಸಣ್ಣ ಹನಿ ನಿಮ್ಮ ಬೆಳೆಯ ಮೇಲೆ ಬೀಳುವುದಕ್ಕಿಂತ ಪಕ್ಕದವರ ಹೊಲಕ್ಕೆ ಹೋಗುವುದೇ ಹೆಚ್ಚು."

"ಪಕ್ಕದವರಿಗೆ ಪುಕ್ಕಟೆ ಔಷಧಿ" ಅಂದೆ ನಾನು.

"ಕಳೆನಾಶಕ ಆದರೆ ಪುಕ್ಕಟೆ ಕೋರ್ಟು" ಅಂದ ಮೆಕ್ಯಾನಿಕ್.

ನಾಜಲ್ ಮಾತು ಬಂದಿದ್ದೇ ತಡ, ರಾಯರು ಉತ್ಸಾಹದಿಂದ ಕ್ಯಾಟಲಾಗ್ ತೆಗೆದರು. "ಇದರಲ್ಲಿ ಬಣ್ಣ ಬಣ್ಣದ್ದು ಇವೆ. ಗಾಡಿ ಹಸಿರು ಇರುವುದರಿಂದ ಕೆಂಪು ಹಾಕಿದರೆ ಎದ್ದು ಕಾಣುತ್ತದೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಅದು ಅಲಂಕಾರ ಅಲ್ಲ ರಾಯರೇ. ಯಾವ ಕಂಪನಿ ಮಾಡಿದರೂ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬಣ್ಣಕ್ಕೆ ಒಂದೇ ಅರ್ಥ. ನೀಲಿ ಅಂದರೆ 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 1.2 ಲೀಟರ್. ಕೆಂಪು ಅಂದರೆ 1.6. ಹಳದಿ 0.8. ನಾಜಲ್ ನಡುವೆ 50 ಸೆಂಟಿಮೀಟರ್ ಇದ್ದು 12 ಕಿಲೋಮೀಟರ್ ವೇಗದಲ್ಲಿ ಹೋದರೆ ನೀಲಿಯಲ್ಲಿ ಹೆಕ್ಟೇರಿಗೆ 120 ಲೀಟರ್ ಬೀಳುತ್ತದೆ. ಕೆಂಪು ಹಾಕಿದರೆ 160. ಎದ್ದು ಕಾಣುವುದು ಗಾಡಿಯಲ್ಲ, ಖರ್ಚು."

"ಬಣ್ಣ ನೋಡಿ ನಂಬಿಕೊಂಡೂ ಕೂರಬೇಡಿ" ಅಂತ ಮೆಕ್ಯಾನಿಕ್ ಸೇರಿಸಿದ. ಇಂಥ ವಿಷಯಕ್ಕೆ ಬಂದರೆ ಅವನ ದನಿಯೇ ಬದಲಾಗುತ್ತದೆ. "ನಾಜಲ್ ಸವೆಯುತ್ತದೆ. ಬರೀ ನೀರು ತುಂಬಿ, ಗಾಡಿ ನಿಲ್ಲಿಸಿ, ಮಡಚಿದ ಬೂಮ್ ಚಾಚಿ. ಒಂದೊಂದು ನಾಜಲ್ ಕೆಳಗೆ ಅಳತೆಯ ಜಗ್ ಹಿಡಿದು ಒಂದು ನಿಮಿಷ ನೋಡಿ. ಹೊಸದಕ್ಕಿಂತ ನೂರಕ್ಕೆ ಹತ್ತು ಜಾಸ್ತಿ ಬಂತೋ, ಎಸೆಯಿರಿ. ಕಟ್ಟಿಕೊಂಡರೆ ತಂತಿ ಹಾಕಿ ಕೆದಕಬೇಡಿ, ತೂತು ಹಾಳಾಗುತ್ತದೆ. ಮೆದು ಬ್ರಷ್ ಸಾಕು. ಬಾಯಿಟ್ಟು ಊದುವುದಂತೂ ಬೇಡವೇ ಬೇಡ."

"ಬಾಯಿಟ್ಟು ಊದುವವರೂ ಇದ್ದಾರಾ?"

"ಇದ್ದಾರೆ. ಮಾತಾಡಿಸಿದರೆ ಒಪ್ಪಿಕೊಳ್ಳುವುದಿಲ್ಲ."

ಅಲ್ಲಿಂದ ಮಾತು ಹೊರಳಿದ್ದು ಪಿಡಬ್ಲ್ಯೂಎಂ ಅನ್ನುವ ವ್ಯವಸ್ಥೆಗೆ. ಪ್ರತಿ ನಾಜಲ್ ಮೇಲೂ ಒಂದು ವಿದ್ಯುತ್ ವಾಲ್ವ್ ಕೂತು, ಸೆಕೆಂಡಿಗೆ ಹತ್ತು ಸಲವೋ ಇನ್ನೂ ಹೆಚ್ಚೋ ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಬದಲಿಸಿ ನೀರು ಹೆಚ್ಚು ಕಡಿಮೆ ಮಾಡುತ್ತದೆ. ಒತ್ತಡ ಇದ್ದ ಹಾಗೇ ಇರುತ್ತದೆ, ಹನಿಯ ಗಾತ್ರವೂ ಕೆಡುವುದಿಲ್ಲ.

"ಅದು ಯಾಕೆ ಬೇಕು, ದುಬಾರಿ" ಅಂದರು ರಾಯರು.

"ನೀವು ನೇರ ಗೆರೆಯಲ್ಲಿ ಓಡಿಸುವುದಾದರೆ ಬೇಡ. ತಿರುವಿನಲ್ಲಿ ಏನಾಗುತ್ತದೆ ಗೊತ್ತಾ?" ಮೇಷ್ಟ್ರು ಎದ್ದು ನಿಂತು ಎರಡೂ ಕೈ ಚಾಚಿದರು. ಅವರೇ ಸ್ಪ್ರೇಯರ್ ಆದರು. ಸುತ್ತಲೂ ತಿರುಗತೊಡಗಿದರು. "24 ಮೀಟರ್ ಬೂಮ್. ಗಾಡಿ 24 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಅನ್ನಿ. ನನ್ನ ಹೊರಗಿನ ಕೈ 36 ಮೀಟರ್ ತ್ರಿಜ್ಯದಲ್ಲಿ ಓಡುತ್ತಿದೆ. ಒಳಗಿನ ಕೈ 12ರಲ್ಲಿ ತೆವಳುತ್ತಿದೆ. ಮೂರು ಪಟ್ಟು ವ್ಯತ್ಯಾಸ! ಎಲ್ಲಾ ನಾಜಲ್ ಒಂದೇ ಸಮ ಸುರಿದರೆ ಒಳಗಿನ ತುದಿಯ ಗಿಡಕ್ಕೆ ಹೊರಗಿನ ತುದಿಯದಕ್ಕಿಂತ ಮೂರು ಪಟ್ಟು ಔಷಧಿ."

ಅವರ ಹೊರಗಿನ ಕೈ ಮೆಕ್ಯಾನಿಕ್ ಕಿವಿಗೆ ತಗುಲಿತು. ಬೂಮಿನ ತುದಿ ಕಂಬಕ್ಕೆ ಬಡಿಯುವುದು ಹೀಗೇ ಅಂತ ಅವನು ಕಿವಿ ಸವರಿಕೊಳ್ಳುತ್ತಾ ಹೇಳಿದ. "ಆದರೆ ಒಂದು ಮಾತು. 24 ಮೀಟರಿಗೆ 48 ನಾಜಲ್. ಅಂದರೆ 48 ವಾಲ್ವ್, ಅದಕ್ಕೆ ತಕ್ಕಷ್ಟು ವೈರು. ಒಂದು ಕೆಟ್ಟರೆ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿಕೊಂಡೇ ಸಹಿ ಹಾಕಿ. ರೋಗ ಬಂದ ವಾರದಲ್ಲಿ ಗಾಡಿ ನಿಂತರೆ ಅದು ಸ್ಪ್ರೇಯರ್ ಅಲ್ಲ, ಪ್ರತಿಮೆ."

ಇದಕ್ಕೆ ಮಾತ್ರ ಮೂವರೂ ತಲೆ ಆಡಿಸಿದೆವು. ಆ ಸಂಜೆ ಎಲ್ಲರೂ ಒಪ್ಪಿದ ಮೊದಲ ವಿಷಯ ಅದು.

ಒಪ್ಪಂದ ಬಹಳ ಹೊತ್ತು ಉಳಿಯಲಿಲ್ಲ. ಹೈಡ್ರೋಸ್ಟಾಟಿಕ್ ಡ್ರೈವ್ ಬೇಕೋ ಮೆಕ್ಯಾನಿಕಲ್ ಬೇಕೋ ಅಂತ ಎದ್ದಿತು. ಹೈಡ್ರೋಸ್ಟಾಟಿಕ್ ಆದರೆ ಸಾಮಾನ್ಯವಾಗಿ ಒಂದೊಂದು ಚಕ್ರಕ್ಕೂ ಎಣ್ಣೆಯಲ್ಲಿ ತಿರುಗುವ ಮೋಟಾರ್. ಗೇರಿನ ತಲೆನೋವಿಲ್ಲ, ಬೂಮ್ ಜೋಲಿ ಹೊಡೆಯದಂತೆ ನಯವಾಗಿ ನಿಲ್ಲುತ್ತದೆ. ಮೆಕ್ಯಾನಿಕಲ್ ಆದರೆ ಶಕ್ತಿ ಸೋರುವುದು ಕಡಿಮೆ, ದೂರದ ರಸ್ತೆಗೆ, ಏರು ದಾರಿಗೆ ಡೀಸೆಲ್ ಉಳಿಯುತ್ತದೆ. ರಾಯರ ಹೊಲಗಳು ಒಂದಕ್ಕೊಂದು ಅಂಟಿಕೊಂಡಿವೆ, ನೆಲ ಸಮತಟ್ಟು. ಅವರಿಗೆ ಮೊದಲನೆಯದೇ ಸರಿ ಅಂತ ನನ್ನ ಅನಿಸಿಕೆ. ಮೆಕ್ಯಾನಿಕ್ ಒಪ್ಪಲಿಲ್ಲ. ಅವನ ಹೆಸರಲ್ಲೇ ಅವನ ಪಕ್ಷ ಇದೆ.

"ಚಕ್ರ ಬೆಳೆ ತುಳಿಯುವುದಿಲ್ಲವಾ?" ನಾನು ಕೇಳಿದೆ.

"ತುಳಿಯದೆ ಏನು, ಹಾರುತ್ತದಾ? 40 ಸೆಂಟಿಮೀಟರ್ ಅಗಲದ ಎರಡು ಜಾಡು ಅಂದರೆ 80 ಸೆಂಟಿಮೀಟರ್. 24 ಮೀಟರಿಗೆ ನೂರಕ್ಕೆ 3.3 ಭಾಗ. ಅದಕ್ಕೇ ಪ್ರತಿ ಸಲವೂ ಅದೇ ಜಾಡಲ್ಲಿ ಹೋಗಬೇಕು" ಅಂದರು ಮೇಷ್ಟ್ರು. "36 ಮೀಟರಿಗೆ ಆದರೆ 2.2."

"ಹಾ! ನೋಡಿದಿರಾ!" ರಾಯರು ಕುರ್ಚಿಯಿಂದ ಅರ್ಧ ಎದ್ದರು.

"ಖುಷಿಪಡಿ. ಆದರೆ ಬೂಮ್ ಉದ್ದ ಆದಷ್ಟೂ ತುದಿ ಕುಣಿಯುತ್ತದೆ. 110 ಡಿಗ್ರಿ ನಾಜಲ್ ಬೆಳೆಯ ಮೇಲೆ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ಒಂದು ಹಳ್ಳಕ್ಕೆ ಚಕ್ರ ಇಳಿದರೆ ಒಂದು ತುದಿ ಬೆಳೆಯೊಳಗೆ ಮುಳುಗುತ್ತದೆ, ಇನ್ನೊಂದು ತುದಿ ಆಕಾಶಕ್ಕೆ ಔಷಧಿ ಹೊಡೆಯುತ್ತದೆ. ಬೂಮಿನ ಸಸ್ಪೆನ್ಷನ್ ಚೆನ್ನಾಗಿಲ್ಲದ 36ಕ್ಕಿಂತ ಚೆನ್ನಾಗಿರುವ 24 ಮೇಲು."

ರಾಯರು ಗಾಳಿಯ ಕಡೆಗೆ ಹೊರಳಿದರು. "ಅದಕ್ಕೇನು, ಸಂಜೆ ಗಾಳಿ ಪೂರ್ತಿ ನಿಂತ ಮೇಲೆ ಹೊಡೆದರಾಯಿತು."

"ಅದು ಎಲ್ಲಕ್ಕಿಂತ ಕೆಟ್ಟ ಹೊತ್ತು!" ಮೇಷ್ಟ್ರು, ಮೆಕ್ಯಾನಿಕ್ ಇಬ್ಬರೂ ಒಟ್ಟಿಗೇ ಕೂಗಿದರು. ಅವರಿಬ್ಬರು ಒಂದೇ ಮಾತು ಆಡಿದ್ದನ್ನು ಕೇಳಿ ರಾಯರು ಹೆದರಿದರು. ತಿಳಿ ಆಕಾಶದ ಸಂಜೆ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಕೆಳಗೆ, ಬಿಸಿ ಗಾಳಿ ಮೇಲೆ ಮುಚ್ಚಳದ ಹಾಗೆ. ಸಣ್ಣ ಹನಿಗಳು ಕೆಳಗೂ ಬೀಳದೆ ಮೇಲೂ ಹೋಗದೆ ಆ ಪದರದಲ್ಲೇ ತೇಲಿ, ಎಲ್ಲೋ ದೂರ ಹೋಗಿ ಇಳಿಯುತ್ತವೆ. ಗಂಟೆಗೆ ಮೂರರಿಂದ ಹದಿನೈದು ಕಿಲೋಮೀಟರಿನ ಒಂದೇ ದಿಕ್ಕಿನ ಗಾಳಿಯೇ ಮೇಲು, ಕಡೇ ಪಕ್ಷ ಎತ್ತ ಹೋಗುತ್ತದೆ ಅಂತ ಗೊತ್ತಿರುತ್ತದೆ. ಒಟ್ಟು ದಿನದಲ್ಲಿ ಹೊಡೆಯಲು ಸಿಗುವ ಹೊತ್ತು ಕೆಲವೇ ಗಂಟೆ. ಆ ಗಂಟೆಗಳಲ್ಲಿ ಪೈಪ್ ಹಿಡಿದುಕೊಂಡು ಟ್ಯಾಂಕ್ ತುಂಬುವುದನ್ನು ನೋಡುತ್ತಾ ನಿಂತರೆ, ಎಷ್ಟು ದೊಡ್ಡ ಗಾಡಿ ಇದ್ದರೂ ಅಷ್ಟೇ.

"ತೊಳೆಯುವುದನ್ನು ಯಾರೂ ಕೇಳಲಿಲ್ಲ" ಅಂದ ಮೆಕ್ಯಾನಿಕ್, ನೊಂದುಕೊಂಡು. ಕಳೆನಾಶಕ ಹೊಡೆದ ಟ್ಯಾಂಕಲ್ಲೇ ಮರುದಿನ ಬೇರೆ ಬೆಳೆಗೆ ಔಷಧಿ ಹಾಕಿದರೆ, ತಳದಲ್ಲಿ ಉಳಿದದ್ದೇ ಆ ಬೆಳೆಗೆ ಯಮ.

"ಒಂದೇ ಸಲ ಜಾಸ್ತಿ ನೀರು ಹಾಕಿ ತೊಳೆದರೆ ಆಯಿತಪ್ಪ."

ಮೇಷ್ಟ್ರಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಇರಲಿಲ್ಲ. "ತಳದಲ್ಲಿ 30 ಲೀಟರ್ ಉಳಿದಿದೆ ಅನ್ನಿ. 300 ಲೀಟರ್ ನೀರನ್ನು ಒಂದೇ ಸಲ ಹಾಕಿದರೆ ಔಷಧಿಯ ಗಾಢತೆ ಹನ್ನೊಂದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ 300 ಲೀಟರನ್ನು ನೂರು ನೂರರಂತೆ ಮೂರು ಸಲ ಹಾಕಿ, ಪ್ರತಿ ಸಲವೂ ಮತ್ತೆ 30 ಉಳಿಯುವವರೆಗೆ ಖಾಲಿ ಮಾಡಿ. ಎಂಬತ್ತೊಂದನೇ ಒಂದು ಭಾಗ! ಅದೇ ನೀರು!"

"ಆ ತೊಳೆದ ನೀರನ್ನು ಅದೇ ಹೊಲಕ್ಕೇ ಹೊಡೆಯಬೇಕು, ಮೋರಿಗೆ ಬಿಡುವುದಲ್ಲ" ಅಂದ ಮೆಕ್ಯಾನಿಕ್. "ಕ್ಯಾಬಿನ್ನಿಂದ ಇಳಿಯದೆ ತೊಳೆಯುವ ಹಾಗೆ ಬೇರೆ ನೀರಿನ ಟ್ಯಾಂಕ್ ಇದೆಯಾ ನೋಡಿ. ಇಳಿದು ತೊಳೆಯಬೇಕಾದರೆ ರಾತ್ರಿ ಹೊತ್ತು ಯಾರೂ ತೊಳೆಯುವುದಿಲ್ಲ. ಕ್ಯಾಬಿನ್ ಫಿಲ್ಟರ್ ಕ್ಯಾಟಗರಿ 4 ಇರಲಿ. ಆವಿಯನ್ನೂ ತಡೆಯುವುದು ಅದೊಂದೇ."

ರಾಯರು ಈಗ ಬರೆದುಕೊಳ್ಳತೊಡಗಿದ್ದರು. ಕ್ಯಾಮೆರಾದಲ್ಲಿ ಕಳೆ ಗುರುತಿಸಿ ಅದಕ್ಕಷ್ಟೇ ಹೊಡೆಯುವ ಗಾಡಿಗಳೂ ಇವೆಯಂತಲ್ಲ, ಅಂದರು. ಇವೆ, ಜಾನ್ ಡಿಯರ್ 2022ರಲ್ಲಿ ಬೆಳೆಯ ನಡುವಿನ ಕಳೆ ಹುಡುಕುವಂಥದ್ದನ್ನು ತಂದಿತು. ಕಳೆ ಅಲ್ಲೊಂದು ಇಲ್ಲೊಂದು ಇದ್ದರೆ ಔಷಧಿ ಬಹಳ ಉಳಿಯುತ್ತದೆ. ಹೊಲ ಪೂರ್ತಿ ಕಳೆಯೇ ಇದ್ದರೆ ಕ್ಯಾಮೆರಾ ಏನು ಮಾಡೀತು ಪಾಪ. ರಾಯರ ಹೊಲ ಯಾವ ಬಗೆಯದು ಅಂತ ನಾವು ಯಾರೂ ಬಾಯಿ ಬಿಡಲಿಲ್ಲ.

"ಮಾರುವವನು ಡೆಮೊಗೆ ಬಂದಾಗ ಒಂದು ಕೆಲಸ ಮಾಡಿ" ಅಂದರು ಮೇಷ್ಟ್ರು. "ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದ ಸಿಗುತ್ತದೆ. ಬೆಳೆಯ ತುದಿಗೊಂದು, ನಡುವೆ ಒಂದು, ಬುಡಕ್ಕೊಂದು ಸಿಕ್ಕಿಸಿ. ಬೂಮಿನ ಎರಡು ತುದಿಯ ಕೆಳಗೂ ಇಡಿ. ಬರೀ ನೀರು ತುಂಬಿ ನೀವು ಓಡಿಸುವ ವೇಗದಲ್ಲೇ ಓಡಿಸಿ. ಆಮೇಲೆ ಕಾಗದ ತೆಗೆದು ಚುಕ್ಕಿ ನೋಡಿ. ಮೇಲಿನದು ಪೂರ್ತಿ ನೀಲಿಯಾಗಿ ಬುಡದ್ದು ಹಾಗೇ ಹಳದಿ ಉಳಿದರೆ, ಬುಡದ ರೋಗಕ್ಕೆ ನೀವು ಬರೀ ನಮಸ್ಕಾರ ಹೊಡೆದ ಹಾಗೆ."

ರಾಯರು ಅಲ್ಲೇ ಫೋನ್ ಮಾಡಿದರು, ಸ್ಪೀಕರ್ ಹಾಕಿ. 24 ಮೀಟರ್ ಬೂಮ್, ನೀಲಿ ನಾಜಲ್, ಟ್ಯಾಂಕ್ ತುಂಬಾ ನೀರು, ಜೊತೆಗೆ ತೊಳೆಯುವ ವ್ಯವಸ್ಥೆ ತೋರಿಸಬೇಕು ಅಂತ ಪಟ್ಟಿ ಓದಿದರು. ಆ ಕಡೆಯವನು ಪೂರ್ತಿ ಕೇಳಿಸಿಕೊಂಡ.

"ಖಂಡಿತ ತರುತ್ತೇವೆ ಸಾರ್. ಆದರೆ 36 ಮೀಟರಿನದಕ್ಕೆ ಈ ತಿಂಗಳು ಸೀಟಿಗೆ ಮಸಾಜ್ ಫ್ರೀ ಇದೆ."

ರಾಯರು ಫೋನಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದರು. ಮೇಷ್ಟ್ರು ಬೆರಳೆತ್ತಿ ಗಾಳಿಯಲ್ಲಿ ಹೊಸ ಲೆಕ್ಕ ಶುರು ಮಾಡಿದ್ದರು.