ಮಳೆ ಬಿದ್ದರೂ ಹೊಲ ಖಾಲಿ ಬಿಡ್ತಾರಲ್ಲ, ಯಾಕೆ ಸರ್?

ಪ್ರಶ್ನೆ (ಮದ್ದೂರು ಕಡೆಯವರು): ಸರ್, ನಮ್ಮಕ್ಕನನ್ನು ವಿಜಯಪುರ ಜಿಲ್ಲೆ ಸಿಂದಗಿ ಕಡೆ ಕೊಟ್ಟಿದ್ದೇವೆ. ಶ್ರಾವಣದಲ್ಲಿ ಹೋಗಿದ್ದೆ. ಭಾವನಿಗೆ 18 ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ, ಅಷ್ಟೂ ಖಾಲಿ! ಮಳೆ ಬಿದ್ದು ನೆಲ ಚೆನ್ನಾಗಿ ನೆಂದಿದೆ, ಇವರು ಬಿತ್ತೋದು ಬಿಟ್ಟು ಸುಮ್ನೆ ಕುಂಟೆ ಹೊಡೀತಾ ಇದ್ದಾರೆ. ನಮ್ಮ ಕಡೆ ಒಂದು ಎಕರೆ ಗದ್ದೆ ಇದ್ದರೂ ವರ್ಷವೆಲ್ಲ ಏನಾದರೂ ಬೆಳೆ ನಿಂತಿರುತ್ತದೆ. ಇದು ಸೋಮಾರಿತನ ಅಲ್ವಾ? ಬೀಗರ ಮನೆ, ಕೇಳೋಕೆ ಬಾಯಿ ಬರಲಿಲ್ಲ.

ಉತ್ತರ: ಕೇಳದೆ ಇದ್ದದ್ದೇ ಒಳ್ಳೇದಾಯ್ತು ತಮ್ಮ. ನಾನು ಕೇಳಿಬಿಟ್ಟಿದ್ದೆ. ಕೃಷಿ ಇಲಾಖೆಗೆ ಸೇರಿದ ಹೊಸತು, ನಾನೂ ನಿಮ್ಮ ಕಡೆಯವನೇ. ಅಲ್ಲಿನ ಯಜಮಾನರೊಬ್ಬರು ಏನೂ ಹೇಳದೆ ಸಲಿಕೆಯಲ್ಲಿ ಒಂದು ಮೊಳ ಅಗೆದು, ಕೆಳಗಿನ ಮಣ್ಣು ತೆಗೆದು ನನ್ನ ಕೈಗಿಟ್ಟು, ಹಿಸುಕ್ರಿ ಅಂದರು. ಗಟ್ಟಿ ಉಂಡೆ ಆಯ್ತು. "ನಮ್ಮ ಬೆಳಿ ಇದರ ಮ್ಯಾಲ ಬರತೈತ್ರಿ, ಮಳಿ ಮ್ಯಾಲ ಅಲ್ಲ" ಅಂದರು.

ವಿಷಯ ಇಷ್ಟೇ. ವಿಜಯಪುರದ ಕಡೆ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅದೂ ಜೂನ್, ಜುಲೈನಲ್ಲಿ ನಂಬೋ ಹಾಗಿಲ್ಲ, ಜೋರು ಮಳೆ ಬರೋದು ಸೆಪ್ಟೆಂಬರ್ ಹೊತ್ತಿಗೆ. ಆದರೆ ಆಳವಾದ ಎರೆ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 200 ಮಿ.ಮೀ. ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಹೊಲವೇ ಕೆರೆ. ನಿಮ್ಮ ಭಾವ ಕುಂಟೆ ಹೊಡೀತಾ ಇದ್ದದ್ದು ಆ ಕೆರೆ ತುಂಬಿಸಲಿಕ್ಕೆ: ಕಳೆ ಬಂದು ನೀರು ಕುಡಿಯಬಾರದು, ಮೇಲ್ಮಣ್ಣು ಸಡಿಲ ಇದ್ದು ಮಳೆ ಒಳಗೆ ಇಳೀಬೇಕು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಒಳಗೆ ಜೋಳ ಬಿತ್ತುತ್ತಾರೆ. ಅಲ್ಲಿಂದ ಮುಂದೆ ಮಳೆ ಬರದೆ ಇದ್ದರೂ ಇಬ್ಬನಿ, ಚಳಿ, ಮಣ್ಣಿನ ತೇವ ಇಷ್ಟರ ಮೇಲೆ ತೆನೆ ಬರುತ್ತದೆ. ನೆಲ ಬಿರುಕು ಬಿಡಲು ಶುರುವಾದರೆ ಎಡೆ ಹೊಡೆದು ಬಿರುಕು ಮುಚ್ಚುತ್ತಾರೆ. ಆ ಬಿಳಿ ಮಾಲದಂಡಿ ಜೋಳದ ರೊಟ್ಟಿ ತಿಂದು ಬಂದಿರಬೇಕಲ್ಲ ನೀವು?

ಇದನ್ನೇ ಮದ್ದೂರಿನ ಕೆಂಪು ಮಣ್ಣಲ್ಲಿ ಮಾಡಲಿಕ್ಕೆ ಹೋದರೆ ಕೆಡುತ್ತೀರಿ. ಅದು ಬೇಗ ಒಣಗುತ್ತದೆ. ನಿಮಗೆ ವರ್ಷವೆಲ್ಲ ಬೆಳೆ ಬರೋದು ಮಣ್ಣಿನಿಂದಲ್ಲ, 1930ರ ದಶಕದಲ್ಲಿ ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆ ಬಂತಲ್ಲ, ಅದರಿಂದ. 2023ರಲ್ಲಿ ಮಳೆ ಕೈಕೊಟ್ಟ ಮೇಲೆ ಎಷ್ಟು ಗದ್ದೆ ಬೀಳು ಬಿತ್ತು, ನೀವೇ ನೋಡಿದ್ದೀರಿ.

ಪ್ರಶ್ನೆ (ಅವರೇ): ಹಾಗಾದ್ರೆ ಪೇಪರ್‌ನಲ್ಲಿ ಬೆಳೆ ಸಾಂದ್ರತೆ 150, 190 ಅಂತೆಲ್ಲ ಹಾಕ್ತಾರಲ್ಲ, ಅದು ಏನು?

ಉತ್ತರ: ನಿಮ್ಮದು 10 ಎಕರೆ ಅಂತ ಇಟ್ಕೊಳ್ಳಿ. ಮುಂಗಾರಿನಲ್ಲಿ ಹತ್ತೂ ಎಕರೆ ಬಿತ್ತಿ, ಹಿಂಗಾರಿನಲ್ಲಿ ಅದರಲ್ಲೇ 4 ಎಕರೆ ಮತ್ತೆ ಬಿತ್ತಿದರೆ ಒಟ್ಟು 14. 10ಕ್ಕೆ 14, ಅಂದರೆ ಬೆಳೆ ಸಾಂದ್ರತೆ ಶೇಕಡಾ 140. ದೇಶದ ಸರಾಸರಿ 1950-51ರಲ್ಲಿ 111 ಇತ್ತು, ಈಗ 150 ದಾಟಿದೆ. ಪಂಜಾಬ್ 190ರ ಹತ್ತಿರ ಇದೆ, ಗೋಧಿ ಆದ ಮೇಲೆ ಭತ್ತ. ಆದರೆ ಅಂತರ್ಜಲ ಎಷ್ಟು ಕೆಳಗೆ ಹೋಯ್ತೆಂದರೆ, ಇಂಥ ತಾರೀಖಿನ ಮೊದಲು ನಾಟಿ ಮಾಡಬಾರದು ಅಂತ 2009ರಲ್ಲಿ ಕಾನೂನೇ ಮಾಡಬೇಕಾಯ್ತು.

ಈ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಕಬ್ಬು ಹನ್ನೆರಡು ತಿಂಗಳು ನೆಲ ಬಿಡೋದಿಲ್ಲ, ನೀರೂ ಕುಡಿಯುತ್ತದೆ, ಲೆಕ್ಕದಲ್ಲಿ ಮಾತ್ರ ಒಂದೇ ಬೆಳೆ. ಅಡಿಕೆ ತೋಟವೂ ಹಾಗೇ. ಹಾಗಾಗಿ ನಂಬರ್ ಕಮ್ಮಿ ಇದೆ ಅಂತ ನೆಲ ಕೆಲಸ ಮಾಡ್ತಿಲ್ಲ ಅನ್ನಬೇಡಿ.

ಪ್ರಶ್ನೆ (ಪುತ್ತೂರಿನವರು): ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮಲ್ಲಿ ಮಳೆಗೆ ಏನೂ ಕಮ್ಮಿ ಇಲ್ಲ. ಅಜ್ಜನ ಕಾಲದಲ್ಲಿ ಬೈಲುಗದ್ದೆಯಲ್ಲಿ ಮೂರು ಬೆಳೆ ಇತ್ತು. ಈಗ ಒಂದೂ ಇಲ್ಲ. ಇದಕ್ಕೆ ಮಣ್ಣು ಕಾರಣವಾ?

ಉತ್ತರ: ಅಲ್ಲ. ಆದರೆ ನಿಮ್ಮವರು ಗದ್ದೆಗೆ ಹೆಸರಿಟ್ಟ ರೀತಿ ನೋಡಿ. ಎತ್ತರದ್ದು ಬೆಟ್ಟು, ಅದಕ್ಕೆ ಏಣೆಲು (ಮಳೆಗಾಲದ ಭತ್ತ) ಒಂದೇ ಬೆಳೆ. ನಡುವಿನದು ಮಜಲು, ಏಣೆಲು ಆಗಿ ಸುಗ್ಗಿ, ಅಂದರೆ ಎರಡನೇ ಬೆಳೆ. ತಗ್ಗಿನದು ಬೈಲು, ಅಲ್ಲಿ ಮೂರನೇ ಬೆಳೆ ಕೊಳಕೆಯೂ ಆಗುತ್ತದೆ. ಒಂದೇ ಊರು, ಒಂದೇ ಮಳೆ, ನೀರು ಎಲ್ಲಿ ನಿಲ್ಲುತ್ತದೆ ಅನ್ನೋದರ ಮೇಲೆ ಒಂದು, ಎರಡು, ಮೂರು. ಮುರಕಲ್ಲಿನ ನೆಲದಲ್ಲಿ ಮಳೆ ಎಷ್ಟು ಸುರಿದರೂ ಡಿಸೆಂಬರ್ ಹೊತ್ತಿಗೆ ಬೆಟ್ಟು ಒಣಗಿರುತ್ತದೆ. ಈಗ ಬೈಲು ಹಡಿಲು (ಬೀಳು) ಬಿದ್ದಿದ್ದರೆ ಅದು ಕೂಲಿ ಆಳಿನ ಕಥೆ. ನೇಜಿ (ಭತ್ತದ ಸಸಿ) ನೆಡುವವರು ಸಿಗೋದಿಲ್ಲ, ಸಿಕ್ಕರೆ ಮಜೂರಿ ಕೊಟ್ಟು ಭತ್ತ ಮಾರಿದರೆ ಕೈಯಿಂದಲೇ ಹೋಗುತ್ತದೆ. ಮೇಲಿಂದ ಹಂದಿ, ಮಂಗ. ಅಡಿಕೆ ಇಟ್ಟವರನ್ನು ನಾನು ಬೈಯೋದಿಲ್ಲ.

ಪ್ರಶ್ನೆ (ಸಿಂಧನೂರಿನವರು): ನಾವು ಎರಡು ಸಲ ಭತ್ತ ಹಾಕ್ತೀವಿ ಸರ್, ಎರೆ ಭೂಮಿನೇ. ಹೊಲದ ಒಂದು ಮೂಲೆ ಬೆಳ್ಳಗಾಗಿದೆ.

ಉತ್ತರ: ಅದು ಸವುಳು, ಮಣ್ಣಲ್ಲಿ ಉಪ್ಪು ಸೇರಿದೆ. ತುಂಗಭದ್ರಾ ಎಡದಂಡೆ ನಾಲೆಯ ಲೆಕ್ಕಾಚಾರದಲ್ಲಿ ಹೆಚ್ಚು ಪಾಲು ಇದ್ದದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ, ಎರಡು ಬೆಳೆ ಭತ್ತಕ್ಕಲ್ಲ. ನೀರು ಹಿಡಿದಿಡೋ ಮಣ್ಣಿಗೆ ಬಸಿದು ಹೋಗಲು ದಾರಿ ಇಲ್ಲದೆ ನೀರು ನಿಲ್ಲಿಸಿದರೆ ಉಪ್ಪು ಮೇಲೆ ಬರುತ್ತದೆ. ನಾಲೆಯ ಕೊನೆಯ ಭಾಗದವರಿಗೆ ನೀರು ಮುಟ್ಟೋದಿಲ್ಲ ಅನ್ನೋದು ಬೇರೆ ಜಗಳ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆ ತೆಗೆಸಿ. ಬಸಿಗಾಲುವೆ ಇಲ್ಲದೆ ಸವುಳು ಸರಿ ಮಾಡಲಿಕ್ಕೆ ಅಂತ ಜಿಪ್ಸಮ್ ಸುರಿದರೆ ದುಡ್ಡು ದಂಡ.

ಪ್ರಶ್ನೆ (ಮದ್ದೂರಿನವರೇ): ಕೊನೇದಾಗಿ ಸರ್. ಭಾವನಿಗೆ ಮುಂಗಾರಿನಲ್ಲಿ ಹೆಸರುಕಾಳು ಹಾಕಿ ಅಂತ ಹೇಳಬಹುದಾ?

ಉತ್ತರ: ಹೆಸರು 60-65 ದಿನದ ಬೆಳೆ. ಜೂನ್‌ನಲ್ಲೇ ಹದ ಮಳೆಯಾದರೆ ಹಾಕಿ ತೆಗೆದು ಜೋಳ ಬಿತ್ತಬಹುದು, ಧಾರವಾಡದ ಕಡೆ ಹೀಗೆ ಮಾಡ್ತಾರೆ. ಜುಲೈ ಮುಗೀತಾ ಬಂದ ಮೇಲೆ ಬೇಡ, ಜೋಳದ ಪಾಲಿನ ನೀರನ್ನು ಅದು ಕುಡಿದುಬಿಡುತ್ತದೆ. ಮೊದಲ ವರ್ಷ ಎರಡು ಎಕರೆ ಸಾಕು. ಮತ್ತೆ ನೀವು ಹೇಳಬೇಡಿ, ಅಕ್ಕನ ಕೈಲಿ ಹೇಳಿಸಿ.